ಶೇಷಪ್ಪನವರ ಉಪಸ್ಥಿತಿ

ಬೀರುವಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗಿದ್ದ ಕೆಂಪು ದಾರದ ಕಟ್ಟು ಮಾತ್ರ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಎರಡೂಮುಕ್ಕಾಲಿಗೆ ಅದನ್ನು ಮೊದಲು ಕಂಡವಳು ದೀಪಶ್ರೀ. ಕೊಪ್ಪದಲ್ಲಿರುವ ಅಧ್ಯಕ್ಷ ಸುಂದರೇಶರ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವ ಹುಡುಗಿ. ಬೀರುವಿನ ನಾಲ್ಕೂ ಖಾನೆ ಕೆದಕಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು. ಕಸದ ಬುಟ್ಟಿಯನ್ನೂ ಬೋರಲು ಹಾಕಿದಳು. ಸಿಗಲಿಲ್ಲ.

ಆ ಕಟ್ಟಿನಲ್ಲಿ ಇದ್ದದ್ದು ಬಸರೀಕಟ್ಟೆ ಕಡೆಯ ಮೂವತ್ತೊಂದು ಕುಟುಂಬಗಳ ಕಾಗದಪತ್ರ. ಎರಡು ಮೂರು ತಲೆಮಾರಿನಿಂದ ಎಸ್ಟೇಟಿನ ಲೈನ್ ಮನೆಗಳಲ್ಲೇ ಹುಟ್ಟಿ ಅಲ್ಲೇ ಸತ್ತ ಕೂಲಿಯವರು ಸ್ವಂತದ್ದೊಂದು ನಿವೇಶನಕ್ಕೆ ಹಾಕಿದ ಅರ್ಜಿಗಳು. ಜೊತೆಗೆ ಹಳೆಯ ರೇಷನ್ ಕಾರ್ಡು, ಶಾಲೆಯ ಸರ್ಟಿಫಿಕೇಟು, ಸತ್ತ ಅಪ್ಪಂದಿರ ಮರಣಪತ್ರ — ಎಲ್ಲವೂ ಅಸಲು. ತಾಲ್ಲೂಕು ಕಚೇರಿಗೆ ಕೊಡಲು ಶುಕ್ರವಾರ ಕೊನೆಯ ದಿನ.

ಅಸಲು ಕಾಗದಗಳು ರಾಜಕಾರಣಿಯ ಬೀರುವಿನಲ್ಲಿ ಯಾಕಿದ್ದವು ಎಂದು ನೀವು ಕೇಳಬಹುದು. “ನೀವು ಒಬ್ಬೊಬ್ಬರೇ ಅಲೆಯೋದು ಬೇಡ, ನಾನೇ ಮುಂದೆ ನಿಂತು ಕೊಡಿಸ್ತೇನೆ” ಎಂದು ಸುಂದರೇಶರು ಎರಡು ತಿಂಗಳ ಹಿಂದೆ ಅವನ್ನು ಸಂಗ್ರಹಿಸಿದ್ದರು. ಕೊಡಲು ಒಳ್ಳೆಯ ದಿನಕ್ಕಾಗಿ ಕಾಯುತ್ತಿದ್ದರು. ಒಳ್ಳೆಯ ದಿನ ಎಂದರೆ ಫೋಟೋ ತೆಗೆಯುವವರು ನಾಲ್ಕು ಜನ ಸಿಗುವ ದಿನ.

ಸುಂದರೇಶರು ಯಾವುದೋ ಒಂದು ನಿಗಮದ ಅಧ್ಯಕ್ಷರು. ಆ ನಿಗಮ ಏನು ಮಾಡುತ್ತದೆಂದು, ಒಂಬತ್ತು ವರ್ಷದಿಂದ ಜಿಲ್ಲಾ ಪತ್ರಿಕೆಗೆ ಈ ತಾಲ್ಲೂಕಿನ ಸುದ್ದಿ ಬರೆಯುತ್ತಿರುವ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿದ್ದಂತಿಲ್ಲ. ಅವರ ಹಿಂದೆ ಒಂದು ಅಡಿ ಬಿಟ್ಟು, ಎಡಭುಜದ ಪಕ್ಕ, ಇಪ್ಪತ್ತೆರಡು ವರ್ಷದಿಂದ ನಿಂತಿರುವ ಮನುಷ್ಯನ ಹೆಸರು ಶೇಷಪ್ಪ. ಪಿಎ. ಸಾಹೇಬರು ಮಂತ್ರಿಯನ್ನು ಕಂಡರೆ ಇವನು “ನಾವು ಮಂತ್ರಿಗಳಿಗೆ ಹೇಳಿದ್ವಿ” ಎನ್ನುತ್ತಾನೆ. ಸಾಹೇಬರಿಗೆ ಶೀತವಾದರೆ “ನಮಗೆ ಸ್ವಲ್ಪ ಶೀತ” ಎನ್ನುತ್ತಾನೆ. ಅಂಥವನ ಬಗ್ಗೆ ನನಗಿರುವುದು ಬರೀ ತಾತ್ಸಾರ. ಮುಚ್ಚಿಟ್ಟುಕೊಂಡು ಬರೆಯುವ ಅಭ್ಯಾಸ ನನಗಿಲ್ಲ.

ಮಂಗಳವಾರ ಬೆಳಿಗ್ಗೆ ದೀಪಶ್ರೀ ತನ್ನ ತಾಯಿ ಕಮಲಕ್ಕನ ಜೊತೆ ದಾಕ್ಷಾಯಣಮ್ಮನವರ ಮನೆಗೆ ಬಂದಳು.

ದಾಕ್ಷಾಯಣಮ್ಮನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ಮಹಡಿಯ ಮೇಲಿನ ಕೋಣೆಯಲ್ಲಿ ನಾನಿದ್ದೇನೆ. ನೌಕರಿಯಲ್ಲಿದ್ದಾಗ ಕಾಣೆಯಾದ ಕಡತ ಹುಡುಕುವುದರಲ್ಲಿ ಅವರದ್ದು ದೊಡ್ಡ ಹೆಸರು. ಕಡತ ತಾನಾಗಿ ಕಳೆದುಹೋಗುವುದಿಲ್ಲ, ಅದು ಕಾಣದಿರುವುದು ಯಾರಿಗೋ ಬೇಕಾಗಿರುತ್ತದೆ ಎಂಬುದು ಅವರ ಲೆಕ್ಕಾಚಾರ. ಅವರಿಗೊಂದು ಕೆಟ್ಟ ಅಭ್ಯಾಸವಿದೆ. ಕೇಳಿದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳುತ್ತಾರೆ.

“ಬೀಗದ ಕೈ ಎಷ್ಟು ಮಾರಾಯ್ತಿ?”

“ಎರಡು ಗೊಂಚಲು ಅಮ್ಮ. ಹೊರಬಾಗಿಲಿಂದು, ಬೀರುದು ಎರಡೂ ಒಂದೇ ಗೊಂಚಲಲ್ಲಿ. ಒಂದು ನನ್ನ ಹತ್ರ. ಇನ್ನೊಂದು ಶೇಷಪ್ಪ ಸಾರ್ ಹತ್ರ.”

“ಕಟ್ಟನ್ನ ಕಡೆಗೆ ನೋಡಿದ್ದು?”

“ಹನ್ನೆರಡೂವರೆಗೆ. ನಮ್ಮ ಲೈನಿನ ರಂಗಪ್ಪಜ್ಜ ಬಂದಿದ್ರು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತೋದಿತ್ತು. ಅವ್ರ ಎದುರಿಗೇ ಕಟ್ಟು ಒಳಗಿಟ್ಟು ಬೀಗ ಹಾಕ್ದೆ. ಒಂದು ಗಂಟೆಗೆ ಊಟಕ್ಕೆ ಹೋದೆ. ಎರಡಕ್ಕೆ ಬಂದೆ.”

“ಬಂದಾಗ ಬೀಗ?”

“ಹಾಕಿತ್ತು.”

“ಹಾಕಿತ್ತಾ?”

“ಹಾಕಿತ್ತು ಅಮ್ಮ. ಎರಡೂ.”

“ಶೇಷಪ್ಪ ಎಲ್ಲಿದ್ದ?”

“ಎನ್.ಆರ್. ಪುರದಲ್ಲಿ. ಅಧ್ಯಕ್ಷರಿಗೆ ಸನ್ಮಾನ ಇತ್ತಲ್ಲ. ಬೆಳಿಗ್ಗೆ ಹೋದೋರು ಬಂದಿದ್ದು ಸಂಜೆ ನಾಲ್ಕಕ್ಕೆ. ಇವತ್ತಿನ ಪೇಪರಲ್ಲೂ ಬಂದಿದೆ.”

ದಾಕ್ಷಾಯಣಮ್ಮ ನನ್ನ ಕಡೆ ನೋಡಿದರು. ಬಂದಿತ್ತು. ನಾನೇ ಕಳಿಸಿದ ಸುದ್ದಿ, ಮೂರನೇ ಪುಟದಲ್ಲಿ. ಕೊನೆಯ ಸಾಲು: ‘ಆಪ್ತ ಸಹಾಯಕ ಶೇಷಪ್ಪ ಉಪಸ್ಥಿತರಿದ್ದರು.’ ಈ ಸಾಲು ಇಲ್ಲದ ಸುದ್ದಿ ಆ ಕಚೇರಿಯಿಂದ ಹೊರಬೀಳುವುದೇ ಇಲ್ಲ.

“ಹಾಗಾದ್ರೆ ಒಂದು ಬೀಗದ ಕೈ ಮುಕ್ಕಾಲು ಗಂಟೆ ದಾರಿ ದೂರ ಇತ್ತು. ಇನ್ನೊಂದು ನಿನ್ನ ಕೈಲಿ.”

ದೀಪಶ್ರೀ ತುಟಿ ಕಚ್ಚಿಕೊಂಡಳು. ಕಮಲಕ್ಕನೇ ಬಾಯಿ ಬಿಟ್ಟರು. “ಅದ್ನೇ ಅಮ್ಮ ಆ ಶೇಷಪ್ಪ ಹೇಳೋದು. ನಾಳೆ ಮಧ್ಯಾಹ್ನದೊಳಗೆ ಕಟ್ಟು ತಂದು ಮಡಗದಿದ್ರೆ ಠಾಣೆಗೆ ದೂರು ಕೊಡ್ತನಂತೆ. ಲೈನಲ್ಲಿ ಯಾರೂ ನಮ್ ಸಂಗಡ ಮಾತಾಡ್ತಿಲ್ಲ. ಮೂವತ್ತೊಂದು ಮನೆ ಬಾಯಲ್ಲೂ ನನ್ ಮಗಳೇ ಕಳ್ಳಿ.”

“ಇವಳು ಎಂತಕ್ಕೆ ಕದಿಯೋದು?”

“ನಮ್ದು ಅದ್ರಲ್ಲಿ ಇಲ್ಲ ಅಮ್ಮ. ಇವ್ಳ ಅಪ್ಪ ಸುಬ್ಬಪ್ಪನ ಹೆಸ್ರು ಪಟ್ಟಿಯಿಂದ ತೆಗ್ದಿದಾನೆ. ಆ ಹೊಟ್ಟೆ ಉರಿಗೆ ಕದ್ಲು ಅಂತ ಅವ್ನ ಮಾತು.”

“ತೆಗೆದದ್ದು ಯಾಕೆ?”

“ಶೇಷಪ್ಪನೂ ನಮ್ಮನೆಯೋರೂ ಬಸರೀಕಟ್ಟೆ ಶಾಲೇಲಿ ಒಂದೇ ಬೆಂಚು. ಹೋದ ವರ್ಷ ಒಂದು ಮದ್ವೇಲಿ ಇವ್ರು ‘ಏ ಶೇಷಾ, ಊಟ ಆಯ್ತಾ’ ಅಂತ ಕರ್ದುಬಿಟ್ರು. ಅವ್ನ ಪಕ್ಕ ಆಫೀಸರು ನಿಂತಿದ್ರಂತೆ.”

ಒಂದು ‘ಏ’ಗೆ ಒಂದು ಮನೆ. ಇಪ್ಪತ್ತೆರಡು ವರ್ಷ ಅಧಿಕಾರದ ನೆರಳಿನಲ್ಲಿ ನಿಂತವನು ಕಲಿತದ್ದು ಇಷ್ಟೇ. ನನಗೆ ಮೈ ಉರಿಯಿತು.

ದಾಕ್ಷಾಯಣಮ್ಮ ಚಪ್ಪಲಿ ಮೆಟ್ಟಿಕೊಂಡರು. “ನಡಿ ರಾಜೇಶ. ನೋಡಿ ಬರುವ.”

ಸುಂದರೇಶರ ಕಚೇರಿಯ ಗೋಡೆಯ ತುಂಬ ಫೋಟೋಗಳಿವೆ. ಎಲ್ಲದರಲ್ಲೂ ನಡುವೆ ಸುಂದರೇಶರು. ಎಡದಿಂದ ಬಲಕ್ಕೆ ನೋಡುತ್ತ ಹೋದರೆ ಶೇಷಪ್ಪನ ವೃತ್ತಿಜೀವನ ಪೂರ್ತಿ ಕಾಣುತ್ತದೆ. ಮೊದಲನೆಯದರಲ್ಲಿ ಪೆಂಡಾಲಿನ ಕಂಬದ ಹಿಂದೆ ಚೀಲ ಹಿಡಿದುಕೊಂಡು ನಿಂತಿದ್ದಾನೆ. ಆಮೇಲೆ ಕೊಡೆ ಹಿಡಿದಿದ್ದಾನೆ. ಆಮೇಲೆ ಫೋನು. ವರ್ಷಕ್ಕೆ ಒಂದು ಗೇಣಿನಂತೆ ಮುಂದೆ ಬರುತ್ತ ಎಡಭುಜದವರೆಗೆ ಬಂದು ಅಲ್ಲೇ ನಿಂತುಬಿಟ್ಟಿದ್ದಾನೆ. ಅಲ್ಲಿಂದ ಮುಂದಕ್ಕೆ ಜಾಗವಿಲ್ಲ.

“ಓಹೋ, ಮೇಡಂ! ನಾವೇ ನಿಮ್ಮನ್ನ ಕರೀಬೇಕು ಅಂತಿದ್ವಿ,” ಎಂದ ಶೇಷಪ್ಪ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಸೊಂಟದಲ್ಲಿ ಬೀಗದ ಕೈಗಳು. “ಆ ಹುಡುಗಿಗೆ ಬುದ್ಧಿ ಹೇಳಿ. ಚಿಕ್ಕ ವಯಸ್ಸು, ಕೇಸು ಗೀಸು ಯಾಕೆ? ಕಟ್ಟು ತಂದು ಕೊಟ್ರೆ ನಾವು ಕ್ಷಮಿಸಿಬಿಡ್ತೇವೆ.”

“ನಿನ್ನ ಬೀಗದ ಕೈ ಸೋಮವಾರ ಎಲ್ಲಿತ್ತು?”

“ಇಲ್ಲೇ. ನಮ್ಮ ಸೊಂಟದಲ್ಲೇ.”

“ನೀನೆಲ್ಲಿದ್ದೆ?”

“ಎನ್.ಆರ್. ಪುರದಲ್ಲಿ, ಅಧ್ಯಕ್ಷರ ಜೊತೆ. ಬೆಳಿಗ್ಗಿಂದ ಸಂಜೆವರೆಗೆ.” ಮೇಜಿನ ಮೇಲಿದ್ದ ಪತ್ರಿಕೆ ಎತ್ತಿ ಮೂರನೇ ಪುಟ ತೆಗೆದು ನನ್ನ ಮುಖಕ್ಕೇ ಹಿಡಿದ. “ಇವ್ರೇ ಬರೆದಿದಾರಲ್ಲ!”

ನಾನು ಬೇರೆ ಕಡೆ ನೋಡಿದೆ.

“ಇಪ್ಪತ್ತೆರಡು ವರ್ಷ ಆಯ್ತಲ್ವಾ? ಎಂತೆಂತ ಕೆಲ್ಸ ಮಾಡ್ತಿ ಮಾರಾಯ?” ದಾಕ್ಷಾಯಣಮ್ಮ ತುಂಬಾ ಆಸಕ್ತಿಯಿಂದ ಕೇಳಿದರು. ಇಂಥ ಖಾಲಿ ಪ್ರಶ್ನೆ ಯಾಕೆ ಕೇಳುತ್ತಾರೋ ಎಂದು ನನಗೆ ಬೇಸರ. ಶೇಷಪ್ಪನ ಎದೆ ಮಾತ್ರ ಉಬ್ಬಿತು.

“ಎಲ್ಲಾ ನಾವೇ ಮೇಡಂ. ಭಾಷಣ ಬರೆಯೋದು, ಪ್ರೆಸ್ ನೋಟ್ ಕಳಿಸೋದು, ಯಾರ ಮನೇಲಿ ಸಾವು, ಯಾರ ಮನೇಲಿ ಗೃಹಪ್ರವೇಶ ಅಂತ ನೆನಪಿಡೋದು. ಬಂದ ಶಾಲುಗಳನ್ನ ಮಡಚಿ ಚೀಲಕ್ಕೆ ಹಾಕೋದು. ಆ ಚೀಲ ಬೇರೆ ಯಾರೂ ಮುಟ್ಟಂಗಿಲ್ಲ. ಇವತ್ತು ಇವ್ರು ಹೊದಿಸಿದ ಶಾಲು ನಾಳೆ ಅವ್ರಿಗೇ ಹೊದಿಸಿದ್ರೆ ಮರ್ಯಾದೆ ಏನಾಗ್ಬೇಕು? ಅದೆಲ್ಲ ನಮ್ಮ ತಲೇಲಿರ್ತದೆ. ಹಾರದ್ದಂತೂ ಕೇಳ್ಬೇಡಿ. ಅಧ್ಯಕ್ಷರಿಗೆ ಚೆಂಡುಹೂವು ಆಗಿಬರಲ್ಲ. ಬೇಡ ಅಂದ್ರೆ ಜನ ಬೇಜಾರು ಮಾಡ್ಕೋತಾರೆ. ಹಾಕಿದ್ರೋ — ಒಂದು, ಎರಡು, ಮೂರು ಎಣಿಸೋದ್ರೊಳಗೆ ನಮ್ಮ ಕೈಲಿರ್ಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ.”

ಒಬ್ಬ ಮನುಷ್ಯ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾನಲ್ಲ ಎಂದು ನನಗೆ ಅಸಹ್ಯವಾಯಿತು.

ಒಳಗಿನ ಕೋಣೆಯಲ್ಲಿ ಸುಂದರೇಶರು ಕುರ್ಚಿಗೆ ಒರಗಿ ಕುತ್ತಿಗೆಗೆ ಗುಲಾಬಿ ಬಣ್ಣದ ಲೋಷನ್ ಹಚ್ಚಿಕೊಳ್ಳುತ್ತಿದ್ದರು. ಕಿವಿಯ ಕೆಳಗಿಂದ ಕಾಲರಿನವರೆಗೆ ಕೆಂಪಗೆ ದದ್ದು ಎದ್ದಿತ್ತು. ಬಡವರ ಮೂವತ್ತೊಂದು ಮನೆ ಕಾಣೆಯಾಗಿವೆ, ಇವರಿಗೆ ತುರಿಕೆಯ ಚಿಂತೆ.

“ಬನ್ನಿ ದಾಕ್ಷಾಯಣಮ್ಮ. ಉರಿ ತಡೆಯೋಕೆ ಆಗ್ತಿಲ್ಲ.”

“ಯಾವಾಗಿಂದ?”

“ನಿನ್ನೆ ಸಂಜೆಯಿಂದ.”

“ನಿನ್ನೆ ಸಂಜೆಯಿಂದಾ?”

“ಹೌದಪ್ಪ. ಸೆಕೆಗೆ ಇರ್ಬೇಕು.”

“ಸೋಮವಾರ ಪೂರ್ತಿ ಶೇಷಪ್ಪ ನಿಮ್ಮ ಜೊತೆ ಇದ್ನಾ?”

“ಇನ್ನೆಲ್ಲಿರ್ತಾನೆ? ನನ್ನ ಹಿಂದೇ ಇದ್ದ.”

“ನೀವು ನೋಡಿದ್ರಾ?”

ಸುಂದರೇಶರು ನಕ್ಕರು. “ನಾನು ಹಿಂದೆ ಎಂತಕ್ಕೆ ನೋಡ್ಲಿ? ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದಾನೆ. ಮೊನ್ನೆ ತಾಲ್ಲೂಕು ಪಂಚಾಯ್ತಿ ಚುನಾವಣೆಗೆ ತಾನು ನಿಲ್ತೀನಿ ಅಂತ ಬಂದಿದ್ದ, ಗೊತ್ತುಂಟಾ? ‘ನೀನು ಮುಂದೆ ನಿಂತ್ರೆ ನನ್ನ ಹಿಂದೆ ಯಾರಯ್ಯ ನಿಲ್ಲೋದು’ ಅಂದೆ. ನಮ್ಮ ಭಾವಮೈದನ ಹೆಸರು ಕಳಿಸಿದೀನಿ.”

ಬಾಗಿಲಲ್ಲಿ ನಿಂತಿದ್ದ ಶೇಷಪ್ಪನೂ ನಕ್ಕ. ನಗಬೇಕಾದ ಜಾಗದಲ್ಲಿ ನಗುವುದೂ ಅವನ ಕೆಲಸ.

ಹೊರಗೆ ಕಾರಿನ ಗಾಜು ಒರೆಸುತ್ತಿದ್ದ ಡ್ರೈವರ್ ಯೋಗೇಶನನ್ನು ದಾಕ್ಷಾಯಣಮ್ಮ ಒಂದೇ ಮಾತು ಕೇಳಿದರು. “ಸೋಮವಾರ ಕಾರು ಎನ್.ಆರ್. ಪುರದಲ್ಲೇ ನಿಂತಿತ್ತಾ ಮಾರಾಯ?”

“ಹೌದಮ್ಮ.”

“ನಿಂತೇ ಇತ್ತಾ?”

ಅವನು ನಮ್ಮ ಹಿಂದೆ ಶೇಷಪ್ಪ ನಿಂತಿದ್ದ ಬಾಗಿಲ ಕಡೆ ನೋಡಿದ. “ನಿಂತೇ ಇತ್ತು,” ಎಂದು ಮತ್ತೆ ಗಾಜು ಒರೆಸತೊಡಗಿದ.

ದಾರಿಯಲ್ಲಿ ನಾನು ರೇಗಿದೆ. “ಎಂತ ಕೇಳಿದ್ರಿ ನೀವು? ಕುತ್ತಿಗೆ ತುರಿಕೆ, ಶಾಲು, ಹಾರ! ಆ ಹುಡುಗಿಗೆ ಇರೋದು ಒಂದೇ ದಿನ.”

“ನೀನು ಸೋಮವಾರದ ಕಾರ್ಯಕ್ರಮಕ್ಕೆ ಹೋಗಿದ್ಯಾ ರಾಜೇಶ?”

ನಾನು ರಸ್ತೆ ಬದಿಯ ಪೋಸ್ಟರ್ ಓದತೊಡಗಿದೆ.

“ಹೋಗಿದ್ಯಾ?”

“ಇಲ್ಲ.”

“ಈಗಲಾದ್ರೂ ಹೋಗಿ ಬಾ. ಅಲ್ಲಿ ಫೋಟೋ ತೆಗೆದವರು ಯಾರು ಅಂತ ವಿಚಾರಿಸು. ಎಲ್ಲಾ ಫೋಟೋ ಬೇಕು. ಪೇಪರಿಗೆ ಕಳಿಸಿದ್ದು ಮಾತ್ರ ಅಲ್ಲ.”

ಮಧ್ಯಾಹ್ನದ ಬಸ್ಸಿಗೆ ಎನ್.ಆರ್. ಪುರಕ್ಕೆ ಹೋದೆ. ಫೋಟೋ ತೆಗೆದವರು ರೇಖಾ ಎಂಬವರು. ಪೇಟೆಯಲ್ಲಿ ಅವರದ್ದೊಂದು ಪುಟ್ಟ ಸ್ಟುಡಿಯೋ.

“ನೀವಾ ವರದಿ ಬರೆದೋರು?” ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. “ಚೆನ್ನಾಗಿ ಬರೆದಿದೀರಿ. ‘ನೆರೆದ ಅಪಾರ ಜನಸ್ತೋಮ’ ಅಂತ. ಅರವತ್ತು ಕುರ್ಚಿ ಹಾಕಿದ್ರು, ಇಪ್ಪತ್ತು ಖಾಲಿ ಇತ್ತು.”

ನಲವತ್ತೆರಡು ಫೋಟೋ ಫೋನಿಗೆ ಹಾಕಿಸಿಕೊಂಡು ಬಸ್ಸಿನಲ್ಲಿ ಒಂದೊಂದೇ ನೋಡುತ್ತ ಬಂದೆ. ಹನ್ನೊಂದು ಗಂಟೆಗೆ ದೀಪ ಬೆಳಗಿದ್ದು — ಎಡಭುಜದಲ್ಲಿ ಶೇಷಪ್ಪ, ಹಲ್ಲು ಕಿರಿದುಕೊಂಡು. ಭಾಷಣ, ಭಾಷಣ, ಭಾಷಣ. ಒಂದೂವರೆಗೆ ಸನ್ಮಾನ. ಸುಂದರೇಶರ ಗಲ್ಲದವರೆಗೆ ಹೂವು, ನಡುವೆ ಪೆಚ್ಚು ಮುಖ. ಒಂದರಲ್ಲಿ ಕೈ ಹಿಂದಕ್ಕೆ ಚಾಚಿ ಬೆನ್ನು ತುರಿಸಿಕೊಳ್ಳುವಂತೆ ನಿಂತಿದ್ದಾರೆ. ಎರಡೂವರೆಗೆ ಊಟ — ಪಕ್ಕದಲ್ಲಿ ಶೇಷಪ್ಪ, ಉಪ್ಪಿನಕಾಯಿ ಬಡಿಸಿಕೊಳ್ಳುತ್ತಿದ್ದಾನೆ. ಮೊದಲಲ್ಲೂ ಇದ್ದಾನೆ, ಕೊನೆಯಲ್ಲೂ ಇದ್ದಾನೆ. ದೀಪಶ್ರೀಯ ಕಥೆ ಮುಗಿಯಿತು ಎಂದುಕೊಂಡೆ. ಬೇಸರವಾಯಿತು, ನಿಜಕ್ಕೂ.

ದಾಕ್ಷಾಯಣಮ್ಮ ನನ್ನ ಫೋನು ತೆಗೆದುಕೊಂಡು ಒಂದೇ ಒಂದು ಫೋಟೋವನ್ನು ಬಹಳ ಹೊತ್ತು ನೋಡಿದರು. “ನಾಳೆ ಬೆಳಿಗ್ಗೆ ಹೂವಿನ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ?” ಎಂದರು.

ಬುಧವಾರ ಹನ್ನೊಂದು ಗಂಟೆ. ಸುಂದರೇಶರ ಕಚೇರಿ.

ದೂರಿನ ಅರ್ಜಿ ಟೈಪಾಗಿ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ದೀಪಶ್ರೀಯ ಕೈಯಲ್ಲೇ ಟೈಪು ಮಾಡಿಸಿದ್ದ ಶೇಷಪ್ಪ. ಅವಳು ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಅವಳ ಅಪ್ಪ ಸುಬ್ಬಪ್ಪ, ಕೂಲಿ ಬಿಟ್ಟು ಬಂದವರು, ಟೋಪಿ ಕೈಯಲ್ಲಿ ಹಿಡಿದು ಹಿಚುಕುತ್ತಿದ್ದರು. ಯೋಗೇಶ ಬಾಗಿಲಲ್ಲಿ. ಸುಂದರೇಶರು ಎದ್ದು ನಿಂತು ಹೊರಡುವ ಆತುರದಲ್ಲಿದ್ದರು. ಮಧ್ಯಾಹ್ನ ಶೃಂಗೇರಿಯಲ್ಲಿ ಇನ್ನೊಂದು ಸನ್ಮಾನ.

“ಬೇಗ ಮುಗಿಸಿ ದಾಕ್ಷಾಯಣಮ್ಮ. ಕಟ್ಟು ಸಿಕ್ತಾ?”

“ಅದಕ್ಕೆ ಮೊದ್ಲು ನಂದೊಂದು ಸಣ್ಣ ಸನ್ಮಾನ ಇದೆ ಅಧ್ಯಕ್ಷರೇ.”

ಅವರು ಕೈಚೀಲದಿಂದ ದಪ್ಪ ಚೆಂಡುಹೂವಿನ ಹಾರ ತೆಗೆದರು. ಯಾರೂ ಏನೂ ಅನ್ನುವುದರೊಳಗೆ ಸುಂದರೇಶರ ಕೊರಳಿಗೆ ಹಾಕಿಬಿಟ್ಟರು.

ಒಂದು. ಎರಡು —

ಹಾರ ಮಾಯ. ಅದು ಶೇಷಪ್ಪನ ಎಡಗೈ ಮೇಲಿತ್ತು. ಅವನು ಬಾಗಿಲ ಹತ್ತಿರದಿಂದ ಯಾವಾಗ ಬಂದ, ಯಾವಾಗ ತೆಗೆದ, ಅವನಿಗೇ ಗೊತ್ತಾದಂತಿರಲಿಲ್ಲ. ಸುಂದರೇಶರ ಬಲಗೈ ಕೂಡ ತಾನಾಗಿ ಹಿಂದಕ್ಕೆ ಚಾಚಿತ್ತು.

“ಭೇಷ್!” ಎಂದರು ದಾಕ್ಷಾಯಣಮ್ಮ. “ಮೂರು ಎಣಿಸೋಕೂ ಬಿಡಲಿಲ್ಲ. ಈ ಕೈ ಸೋಮವಾರ ಮಧ್ಯಾಹ್ನ ಒಂದೂವರೆಗೆ ಎಲ್ಲಿತ್ತು ಶೇಷಪ್ಪ?”

“ಅಂದ್ರೆ?”

“ಎಲ್ಲಿತ್ತು?”

“ನಾವು ಎನ್.ಆರ್. ಪುರದಲ್ಲೇ —”

“ಹಾಗಾದ್ರೆ ಅಧ್ಯಕ್ಷರ ಕುತ್ತಿಗೆಗೆ ಆ ದದ್ದು ಹೇಗೆ ಬಂತು?” ಅವರು ನನ್ನ ಫೋನನ್ನು ಸುಂದರೇಶರ ಮುಂದೆ ಹಿಡಿದರು. “ನೋಡಿ. ಮೂರು ಚೆಂಡುಹೂವಿನ ಹಾರ, ಒಂದರ ಮೇಲೊಂದು. ತೆಗೆಯೋರೇ ಇಲ್ಲ. ನಿಮ್ಮ ಕೈ ಹಿಂದಕ್ಕೆ ಚಾಚಿದೆ. ಹಾರ ಇಸ್ಕೊಳ್ಳೋಕೆ ಅಲ್ಲಿ ಯಾರೂ ಇಲ್ಲ. ಈ ರಾಜೇಶ ನೀವು ಬೆನ್ನು ತುರಿಸ್ಕೊಳ್ತಿದೀರಿ ಅಂದ್ಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಬಾರದ ದದ್ದು ಸೋಮವಾರ ಸಂಜೆ ಬಂತು. ಸೆಕೆಗಲ್ಲ. ಪಿಎ ಇಲ್ಲದ್ದಕ್ಕೆ.”

ಸುಂದರೇಶರು ಮೊದಲ ಸಲ ಹಿಂದಕ್ಕೆ ತಿರುಗಿ ನೋಡಿದರು.

“ಸುಳ್ಳು!” ಶೇಷಪ್ಪನ ದನಿ ಕೀರಲಾಯಿತು. “ಎಲ್ಲೋ ಅತ್ತಿತ್ತ ಹೋಗಿರ್ಬಹುದು. ನಾವಿದ್ವಿ! ಪೇಪರಲ್ಲೇ ಬಂದಿದೆ!”

“ರಾಜೇಶ, ಆ ಪ್ರೆಸ್ ನೋಟ್ ನಿನ್ನ ಫೋನಿಗೆ ಎಷ್ಟೊತ್ತಿಗೆ ಬಂತು?”

ನಾನು ಫೋನು ತೆಗೆದು ನೋಡಿದೆ. “ಸೋಮವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ.”

“ಕಾರ್ಯಕ್ರಮ ಶುರುವಾದದ್ದು?”

“ಹನ್ನೊಂದಕ್ಕೆ.”

“ಶುರುವಾಗೋಕೆ ಎರಡು ಗಂಟೆ ಮೊದ್ಲೇ ಇವ್ನು ಉಪಸ್ಥಿತನಿದ್ದ. ಅದನ್ನ ಇನ್ನೊಬ್ಬ ಹಾಗೇ ಅಚ್ಚು ಹಾಕ್ಸಿದ.” ನನ್ನ ಕಡೆ ನೋಡದೆ ಹೇಳಿದರು. ನೋಡಿದ್ದರೆ ಇಷ್ಟು ನಾಟುತ್ತಿರಲಿಲ್ಲ. “ಯೋಗೇಶ, ಈಗ ಹೇಳು ಮಾರಾಯ. ಕಾರು ನಿಂತೇ ಇತ್ತಾ?”

ಯೋಗೇಶ ದೀಪಶ್ರೀಯ ಮುಖ ನೋಡಿದ. ಮೇಜಿನ ಮೇಲಿದ್ದ ದೂರಿನ ಅರ್ಜಿ ನೋಡಿದ. “ಇಲ್ಲಮ್ಮ. ಹನ್ನೆರಡೂಕಾಲಿಗೆ ಕೊಪ್ಪಕ್ಕೆ ಬಿಡು ಅಂದ್ರು. ಏನೋ ಅರ್ಜೆಂಟ್ ಕಾಗದ ಮರ್ತಿದೀನಿ, ಅಧ್ಯಕ್ಷರಿಗೆ ಗೊತ್ತಾದ್ರೆ ಬೈತಾರೆ, ಬಾಯ್ಬಿಡ್ಬೇಡ ಅಂದ್ರು. ಒಂದು ಗಂಟೆ ಮೇಲೆ ಆಫೀಸಿನ ಹಿಂದೆ ನಿಲ್ಸಿದ್ದೆ. ಐದು ನಿಮಿಷಕ್ಕೆ ಬಂದ್ರು. ಊಟದ ಹೊತ್ತಿಗೆ ವಾಪಸ್ ಹೋದ್ವಿ. ಇವ್ರೇ ನನ್ನ ಕೆಲ್ಸಕ್ಕೆ ಸೇರ್ಸಿದ್ದು ಅಮ್ಮ, ಹೆದ್ರಿದ್ದೆ.”

“ಕೈಲಿ ಏನಿತ್ತು?”

“ಶಾಲಿನ ಚೀಲ.”

“ಆ ಚೀಲ ಈಗ ಎಲ್ಲಿ?”

“ಡಿಕ್ಕೀಲೇ ಇದೆ. ಅದನ್ನ ನಾನು ಮುಟ್ಟಂಗಿಲ್ಲ.”

ಶೇಷಪ್ಪ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. ಸುಬ್ಬಪ್ಪ ಸುಮ್ಮನೆ ಬಾಗಿಲಿಗೆ ಅಡ್ಡ ನಿಂತರು.

ಯೋಗೇಶ ಚೀಲ ತಂದು ಮೇಜಿನ ಮೇಲೆ ಸುರಿದ. ಜರಿಯಂಚಿನ ಶಾಲುಗಳು, ಹತ್ತಿಪ್ಪತ್ತು. ಅವುಗಳ ನಡುವೆ ಒಂದು ಶಾಲು ದಪ್ಪಗಿತ್ತು. ದೀಪಶ್ರೀಯೇ ಬಿಚ್ಚಿದಳು. ಕೆಂಪು ದಾರದ ಕಟ್ಟು. ಎರಡು ದಿನದಿಂದ ಅಧ್ಯಕ್ಷರ ಕಾರಿನಲ್ಲೇ ಊರೂರು ಸುತ್ತಿತ್ತು.

ಕಟ್ಟಿನ ಮೇಲೆ ಮಡಚಿದ ಒಂದು ಹಾಳೆ. ಶೇಷಪ್ಪನದೇ ಕೈಬರಹ. ದಾಕ್ಷಾಯಣಮ್ಮ ಅದನ್ನು ನನ್ನ ಕೈಗೆ ಕೊಟ್ಟರು. “ಓದು. ನಿನಗೇ ಬರ್ಬೇಕಾಗಿದ್ದು.”

ನಾನು ಓದಿದೆ. “‘ಕೊಪ್ಪ, ಶುಕ್ರವಾರ. ಕಾಣೆಯಾಗಿದ್ದ ಮೂವತ್ತೊಂದು ಕುಟುಂಬಗಳ ದಾಖಲೆಗಳನ್ನು ಯುವ ಮುಖಂಡ ಶೇಷಪ್ಪ ಅವರು ಅಹೋರಾತ್ರಿ ಶ್ರಮಿಸಿ ಪತ್ತೆಹಚ್ಚಿ, ಕೊನೆಯ ಕ್ಷಣದಲ್ಲಿ ತಾಲ್ಲೂಕು ಕಚೇರಿಗೆ ತಲುಪಿಸಿದರು. ಕುಟುಂಬಗಳು ಆನಂದಬಾಷ್ಪ ಸುರಿಸಿದವು.’”

ಐವತ್ತೆರಡರ ಯುವ ಮುಖಂಡ ಶಾಲುಗಳ ರಾಶಿಯನ್ನು ನೋಡುತ್ತ ನಿಂತಿದ್ದ. ಎಡಗೈ ಮೇಲೆ ಹಾರ ಇನ್ನೂ ನೇತಾಡುತ್ತಿತ್ತು.

“ಚುನಾವಣೆಗೆ ನಿಲ್ಲೋಕೆ ಇವನಿಗೊಂದು ಫೋಟೋ ಬೇಕಿತ್ತು,” ಎಂದರು ದಾಕ್ಷಾಯಣಮ್ಮ. “ನಡುವೆ ತಾನು, ಸುತ್ತ ಮೂವತ್ತೊಂದು ಮನೆಯೋರು. ಕಾಗದ ಕಳೆದ್ರೆ ತಾನೇ ಹುಡುಕಿಕೊಡೋದು? ಕಳೆದ ಮೇಲೆ ಕಳ್ಳರೂ ಒಬ್ರು ಬೇಕಲ್ಲ. ಅದಕ್ಕೆ ಒಂದೇ ಬೆಂಚಲ್ಲಿ ಕೂತವನ ಮಗಳು. ಹೌದಾ ಶೇಷಪ್ಪ?”

“ನಾವು...” ಎಂದ ಶೇಷಪ್ಪ. ನಿಲ್ಲಿಸಿದ. ಮತ್ತೆ ಹೇಳಿದಾಗ ಆ ಪದವೇ ಬದಲಾಗಿತ್ತು. “ನಾನು ಶುಕ್ರವಾರ ಕೊಟ್ಟೇ ಕೊಡ್ತಿದ್ದೆ. ಯಾರಿಗೂ ನಷ್ಟ ಆಗ್ತಿರಲಿಲ್ಲ.”

“ನನ್ನ ಮಗಳಿಗೆ?” ಎಂದರು ಸುಬ್ಬಪ್ಪ.

ಆ ಪ್ರಶ್ನೆ ಶೇಷಪ್ಪನ ತಲೆಗೆ ಒಮ್ಮೆಯೂ ಬಂದಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ನಾವೆಲ್ಲ ಸುಂದರೇಶರ ಕಡೆ ನೋಡಿದೆವು. ಅವರು ಕುತ್ತಿಗೆ ಸವರಿಕೊಂಡರು. ಗಡಿಯಾರ ನೋಡಿದರು. ದೂರಿನ ಅರ್ಜಿಯನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು.

“ಕಟ್ಟು ಸಿಕ್ತಲ್ಲ, ಮುಗೀತು. ಹೊರಗೆ ಯಾರೂ ಮಾತಾಡೋದು ಬೇಡ. ದೀಪಶ್ರೀ, ಅದನ್ನ ಬೀರುಲಿಡು. ಶುಕ್ರವಾರ ನಾನೇ ಕೊಡ್ತೀನಿ, ರಾಜೇಶ ಫೋಟೋಕ್ಕೆ ಬಾರಯ್ಯ.” ಬಾಗಿಲವರೆಗೆ ಹೋದವರು ಒಂದು ಕ್ಷಣ ನಿಂತರು. ತಿರುಗಿ ನೋಡಲಿಲ್ಲ. “ಶೇಷಪ್ಪ, ಎಂತ ನಿಂತಿದೀಯ? ಶೃಂಗೇರೀಲಿ ಹಾರ ಹಿಡಿಯೋರು ಯಾರು?”

ಶೇಷಪ್ಪ ಶಾಲುಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡು ಹಿಂದೆ ಓಡಿದ. ಅವನನ್ನು ನೋಡಿ ಹೇಸಿಗೆಯಾಯಿತೋ, ಕರೆದವರನ್ನು ನೋಡಿ ಹೆಚ್ಚು ಹೇಸಿಗೆಯಾಯಿತೋ, ಈಗಲೂ ಹೇಳಲಾರೆ. ಯೋಗೇಶ ಮಾತ್ರ ಕಾರಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ದೀಪಶ್ರೀ ಕಟ್ಟನ್ನು ಬೀರುವಿನಲ್ಲಿ ಇಡಲಿಲ್ಲ. ಬೀಗದ ಕೈ ಗೊಂಚಲನ್ನು ಟೈಪ್ ಮಾಡುವ ಮೇಜಿನ ಮೇಲಿಟ್ಟಳು. ಕಟ್ಟನ್ನು ಎದೆಗೆ ಒತ್ತಿಕೊಂಡಳು. “ಅಪ್ಪ, ರಂಗಪ್ಪಜ್ಜನಿಗೆ ಫೋನ್ ಮಾಡು. ಎಲ್ರೂ ಜೀಪ್ ಮಾಡ್ಕೊಂಡು ಈಗ್ಲೇ ತಾಲ್ಲೂಕು ಆಫೀಸಿಗೆ ಬರ್ಲಿ.”

ಎರಡು ಗಂಟೆಯ ಹೊತ್ತಿಗೆ ತಾಲ್ಲೂಕು ಕಚೇರಿಯ ಮುಂದೆ ಮೂರು ಜೀಪು ನಿಂತವು. ಮೊನ್ನೆಯಿಂದ ದೀಪಶ್ರೀಯನ್ನು ಕಳ್ಳಿ ಎಂದ ಬಾಯಿಗಳೆಲ್ಲ ಅವಳ ಮುಂದೆ ಸಾಲಾಗಿ ನಿಂತವು. ಅವಳು ಯಾರಿಗೂ ಏನೂ ಅನ್ನಲಿಲ್ಲ. ಒಂದೊಂದೇ ಹೆಸರು ಕೂಗಿ, ಒಂದೊಂದೇ ಅರ್ಜಿಯನ್ನು ಅವರವರ ಕೈಗೇ ಕೊಟ್ಟು ಕೌಂಟರಿಗೆ ಕಳಿಸಿದಳು. ದಾಕ್ಷಾಯಣಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಮೂವತ್ತೆರಡನೆಯ ಅರ್ಜಿ ತುಂಬುತ್ತಿದ್ದರು. ಪಕ್ಕದಲ್ಲಿ ಸುಬ್ಬಪ್ಪ.

“ಹುಟ್ಟಿದ ಊರು?”

“ಬಸರೀಕಟ್ಟೆ.”

“ಬಸರೀಕಟ್ಟೆಯಾ?”

“ಹೌದಮ್ಮ,” ಎಂದು ಸುಬ್ಬಪ್ಪ ನಕ್ಕರು.

ನಾನು ಹತ್ತಿರ ಹೋದೆ. ಒಂಬತ್ತು ವರ್ಷದಲ್ಲಿ ನಾನು ಹೋಗದೆ ಬರೆದ ಕಾರ್ಯಕ್ರಮಗಳು ಎಷ್ಟು ಎಂದು ಎಣಿಸುವ ಧೈರ್ಯವಿರಲಿಲ್ಲ. ಶೇಷಪ್ಪ ಕಟ್ಟು ಕದ್ದ. ಅವನು ಅಲ್ಲಿದ್ದ ಎಂದು ಊರಿಗೆಲ್ಲ ಸಾಕ್ಷಿ ಹೇಳಿದವನು ನಾನು. ತಪ್ಪನ್ನು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಅದಕ್ಕೇ ಫೋನು ಎತ್ತಿದೆ.

“ದೀಪಶ್ರೀ, ಕೌಂಟರ್ ಹತ್ರ ನಿಂತ್ಕೊಳ್ಳಮ್ಮ. ನಡುವೆ ನೀನು, ಸುತ್ತ ಎಲ್ರೂ. ಒಂದು ಫೋಟೋ. ನಾಳೆ ಮೊದಲ ಪುಟಕ್ಕೆ ಹಾಕಿಸ್ತೀನಿ.”

ಅವಳು ಕೈಯಲ್ಲಿದ್ದ ಅರ್ಜಿಯಿಂದ ತಲೆ ಎತ್ತಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

“ಫೋಟೋ ಬೇಡ ಸಾರ್,” ಎಂದಳು. “ಇವತ್ತು ನೀವು ಇಲ್ಲೇ ಇದೀರಲ್ಲ. ನೋಡಿ ಬರೀರಿ.”